ಕಾಳಿನ ಬಣ್ಣದಿಂದ ಶುರುವಾಗುವ ಸಮೀಕ್ಷೆ

ಅಮೆರಿಕದ ಗ್ರಾಹಕ ಸಮೀಕ್ಷೆಯ ವರದಿಯನ್ನು ತೆರೆದರೆ ಬಹಳ ಸಲ ಎರಡು ಅಂಕಣಗಳ ಒಂದು ಪಟ್ಟಿ ಕಣ್ಣಿಗೆ ಬೀಳುತ್ತದೆ. ಒಂದು ಕಡೆ ‘ಹಿಸ್ಪಾನಿಕ್ ವಯಸ್ಕರು’, ಅಂದರೆ ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರು; ಇನ್ನೊಂದು ಕಡೆ ‘ಇತರ ವಯಸ್ಕರು’. ಅವರ ಎದುರಿಗೆ ಸೋಪು, ಮೊಬೈಲು, ದಿನಸಿ, ಸಾಲ ಎಂದು ಶೇಕಡಾವಾರು ಅಂಕಿಗಳು. ಟೆಕ್ಸಸ್‌ನಲ್ಲಿ ಮಾರುಕಟ್ಟೆ ಸಂಶೋಧನೆಯೇ ಕಸುಬಾಗಿರುವ ನನಗೆ ಇಂಥ ಪಟ್ಟಿಗಳನ್ನು ತಯಾರಿಸುವುದು ದಿನನಿತ್ಯದ ಕೆಲಸ. ಆ ಅಂಕಿಗಳು ಸುಳ್ಳಲ್ಲ. ಆದರೆ ಎರಡು ಅಂಕಣಗಳ ನಡುವಿನ ಅಂತರವೆಲ್ಲ ಸಂಸ್ಕೃತಿಯ ಅಂತರವೆಂದು ಓದಿದವರು ತಪ್ಪು ಸರಕನ್ನು ತಪ್ಪು ಮನೆಗೆ ಕಳಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

2020ರ ಜನಗಣತಿಯಲ್ಲಿ ತಮ್ಮನ್ನು ಹಿಸ್ಪಾನಿಕ್ ಎಂದು ಗುರುತಿಸಿಕೊಂಡವರು 6.21 ಕೋಟಿ, ಅಂದರೆ ಆ ದೇಶದ ಜನಸಂಖ್ಯೆಯ ಶೇ 18.7. 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ ಇತ್ತು. ಹೆಚ್ಚುಕಡಿಮೆ ನಮ್ಮ ರಾಜ್ಯದಷ್ಟು ದೊಡ್ಡ ಸಮುದಾಯ ಅದು. ಮಂಗಳೂರಿನ ಕುಚ್ಚಲಕ್ಕಿ, ಮಂಡ್ಯದ ಮುದ್ದೆ, ವಿಜಯಪುರದ ಜೋಳದ ರೊಟ್ಟಿಗಳನ್ನು ಕೂಡಿಸಿ ಭಾಗಿಸಿ ‘ಕರ್ನಾಟಕದ ಊಟ’ ಎಂಬ ಒಂದು ಸರಾಸರಿಯನ್ನು ತೆಗೆದರೆ ಅದನ್ನು ಉಣ್ಣುವವರು ಯಾರೂ ಸಿಗುವುದಿಲ್ಲ. ಅಲ್ಲಿಯೂ ಹಾಗೆಯೇ. ಹಿಸ್ಪಾನಿಕರ ಪೈಕಿ ಐವರಲ್ಲಿ ಸುಮಾರು ಮೂವರು ಮೆಕ್ಸಿಕೊ ಮೂಲದವರು. ಟೆಕ್ಸಸ್‌ನ ಅವರ ಮನೆಗಳಲ್ಲಿ ಒಲೆಯ ಮೇಲೆ ಬೇಯುವುದು ಹೆಚ್ಚಾಗಿ ಕಂದು ಚುಕ್ಕೆಯ ಪಿಂಟೊ ಕಾಳು. ಮಯಾಮಿಯ ಕ್ಯೂಬನ್ನರಿಗೆ ಕಪ್ಪು ಕಾಳಿಲ್ಲದ ಊಟ ಸೇರದು. ನ್ಯೂಯಾರ್ಕಿನಲ್ಲಿರುವ ಪೋರ್ಟೊರಿಕೊದವರಿಗೆ ಕೆಂಪು ಅಥವಾ ಗುಲಾಬಿ ಕಾಳೇ ಬೇಕು, ಮೆಕ್ಸಿಕೊದವರು ಫ್ರಿಹೋಲೆಸ್ ಎನ್ನುವುದನ್ನು ಅವರು ಕರೆಯುವುದೂ ಅಬಿಚ್ವೆಲಾಸ್ ಎಂದು. ಮೆಕ್ಸಿಕೊದ ಅಡುಗೆಗೆ ಮೆಣಸಿನಕಾಯಿ ಜೀವವಾದರೆ ಕ್ಯೂಬಾದ ಮನೆಯಡುಗೆಯಲ್ಲಿ ಖಾರವೇ ಅಪರೂಪ. 1936ರಲ್ಲಿ ಮ್ಯಾನ್‌ಹಟನ್‌ನಲ್ಲಿ ಶುರುವಾದ ಗೋಯಾ ಎಂಬ ಆಹಾರ ಕಂಪನಿ ಇಷ್ಟು ಬೆಳೆದದ್ದರಲ್ಲಿ, ಯಾವ ಬಡಾವಣೆಗೆ ಯಾವ ಕಾಳು ಎಂಬುದನ್ನು ಅದು ಅರಿತು ಒದಗಿಸಿದ್ದರ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ.

ಅಂತರಕ್ಕೆ ಇನ್ನೊಂದು ಕಾರಣ ವಯಸ್ಸು. ಹಿಸ್ಪಾನಿಕರಲ್ಲಿ ಅರ್ಧದಷ್ಟು ಜನ ಸುಮಾರು 30 ವರ್ಷದೊಳಗಿನವರು; ಹಿಸ್ಪಾನಿಕರಲ್ಲದ ಬಿಳಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 40 ದಾಟಿದವರು. ಹಿಸ್ಪಾನಿಕರ ಮನೆಗಳಲ್ಲಿ ಸರಾಸರಿ ಜನರೂ ಹೆಚ್ಚು. ಹೀಗಿರುವಾಗ ‘ಹಿಸ್ಪಾನಿಕರು ಡೈಪರ್ ಹೆಚ್ಚು ಕೊಳ್ಳುತ್ತಾರೆ’ ಎಂಬ ಸಾಲು ಹೇಳುವುದು ಮನೆಯಲ್ಲಿರುವ ಕೂಸುಗಳ ಸಂಗತಿಯನ್ನೇ ಹೊರತು ಸಂಸ್ಕೃತಿಯನ್ನಲ್ಲ. ಆದ್ದರಿಂದ ಒಂದೇ ವಯಸ್ಸಿನ, ಅಷ್ಟೇ ಮಕ್ಕಳಿರುವ, ಅಷ್ಟೇ ವರಮಾನದ ಮನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಆಗ ಎಷ್ಟೋ ಅಂತರಗಳು ಕರಗಿಹೋಗುತ್ತವೆ; ಕರಗದೆ ಉಳಿದವನ್ನು ಮಾತ್ರ ಅಭ್ಯಾಸ ಎನ್ನಬಹುದು.

ಹಾಗೆ ಉಳಿಯುವವುಗಳಲ್ಲಿ ಪರಿಮಳ ಒಂದು. ಹ್ಯೂಸ್ಟನ್‌ನಲ್ಲಿ ಒಮ್ಮೆ ಮನೆಭೇಟಿಗೆ ಹೋದಾಗ, ಮೆಕ್ಸಿಕೊ ಮೂಲದ ಐವತ್ತು ದಾಟಿದ ತಾಯಿಯೊಬ್ಬರ ಜೊತೆಗೆ ಅಂಗಡಿಗೂ ಹೋಗಿದ್ದೆ. ನೆಲ ಒರೆಸುವ ದ್ರವದ ಸಾಲಿನ ಮುಂದೆ ನಿಂತ ಅವರು ನೇರಳೆ ಬಣ್ಣದ ಫ್ಯಾಬುಲೋಸೊ ಬಾಟಲಿಯ ಮುಚ್ಚಳವನ್ನು ತಿರುಗಿಸಿ, ಕಣ್ಣು ಮುಚ್ಚಿ ಮೂಸಿ, ಮತ್ತೆ ಬಿಗಿಯಾಗಿ ಮುಚ್ಚಿ ಗಾಡಿಗೆ ಹಾಕಿದರು. ಲೇಬಲ್ ಓದಲೇ ಇಲ್ಲ. ಹೊಸ್ತಿಲು ದಾಟಿ ಬಂದವರಿಗೆ ಮನೆ ತೊಳೆದಿದೆ ಎಂದು ಮೂಗಿನಿಂದಲೇ ಗೊತ್ತಾಗಬೇಕು ಎಂಬುದು ಅವರ ಮಾತು. ನನ್ನ ಕೈಯಲ್ಲಿದ್ದ ಪ್ರಶ್ನಾವಳಿಯಲ್ಲಿ ಕಲೆ ಹೋಗುವ ಬಗ್ಗೆ ಪುಟಗಟ್ಟಲೆ ಪ್ರಶ್ನೆಗಳಿದ್ದವು, ಪರಿಮಳದ ಬಗ್ಗೆ ಒಂದೂ ಇರಲಿಲ್ಲ.

ಅದೇ ಮನೆಗೆ ಹಿಂದಿನ ತಿಂಗಳು ಒಂದು ಕಂಪನಿಯ ದೂರವಾಣಿ ಸಮೀಕ್ಷೆಯೂ ಬಂದಿತ್ತು. ಅದು ಇಂಗ್ಲಿಷಿನಲ್ಲಿ ಮಾತ್ರ ಇದ್ದುದರಿಂದ ಉತ್ತರಿಸಿದವಳು ಕಾಲೇಜಿಗೆ ಹೋಗುವ ಮಗಳು. ದಿನಸಿ ಕೊಳ್ಳುವವರು, ಬ್ರ್ಯಾಂಡ್ ಆರಿಸುವವರು, ಸ್ಪ್ಯಾನಿಷಿನಲ್ಲೇ ಯೋಚಿಸುವವರು ತಾಯಿ. ಹಿಸ್ಪಾನಿಕರಲ್ಲಿ ಬಹುಪಾಲು ಜನ ಇಂಗ್ಲಿಷನ್ನು ಚೆನ್ನಾಗಿ ಆಡಬಲ್ಲರು, ನಿಜ. ಆದರೆ ಕೊಳ್ಳುವ ತೀರ್ಮಾನ ಆ ಭಾಷೆಯಲ್ಲೇ ಆಗುತ್ತದೆ ಎಂದು ಅದರಿಂದ ಸಿದ್ಧವಾಗುವುದಿಲ್ಲ. 1993ರಲ್ಲಿ ಕ್ಯಾಲಿಫೋರ್ನಿಯಾದ ಹಾಲು ಮಂಡಳಿ ಶುರುಮಾಡಿದ ‘ಗಾಟ್ ಮಿಲ್ಕ್?’ (ಹಾಲು ಇದೆಯೇ?) ಎಂಬ, ಹಾಲು ಮುಗಿದ ಫಜೀತಿಯನ್ನು ತಮಾಷೆಯಾಗಿ ತೋರಿಸುತ್ತಿದ್ದ ಜಾಹೀರಾತನ್ನು ಪದಶಃ ಸ್ಪ್ಯಾನಿಷಿಗೆ ತಂದರೆ, ಹೆಂಗಸನ್ನು ‘ಎದೆಹಾಲು ಇದೆಯೇ’ ಎಂದು ಕೇಳಿದಂತಾಗುತ್ತಿತ್ತು. ಇನ್ನೂ ಮುಖ್ಯವಾದದ್ದೆಂದರೆ, ಹಾಲು ಮುಗಿದುಹೋದ ಮನೆ ಆ ತಾಯಂದಿರಿಗೆ ನಗುವ ಸಂಗತಿಯೇ ಆಗಿರಲಿಲ್ಲ. ಹಾಗಾಗಿ ಅವರಿಗಾಗಿ ಕುಟುಂಬ, ಪ್ರೀತಿ ಮತ್ತು ಹಾಲು ಎಂಬ ಅರ್ಥದ ಬೇರೆಯೇ ಜಾಹೀರಾತನ್ನು ಕಟ್ಟಬೇಕಾಯಿತು.

ಹಣದ ವಿಷಯದಲ್ಲಿ ತಪ್ಪು ಓದು ಇನ್ನೂ ನೋವಿನದು. ಅಮೆರಿಕದ ಠೇವಣಿ ವಿಮಾ ನಿಗಮದ 2023ರ ಸಮೀಕ್ಷೆಯ ಪ್ರಕಾರ ಬ್ಯಾಂಕ್ ಖಾತೆಯೇ ಇಲ್ಲದ ಮನೆಗಳು ಒಟ್ಟಾರೆ ಶೇ 4.2, ಹಿಸ್ಪಾನಿಕರಲ್ಲಿ ಶೇ 9.5, ಬಿಳಿಯರಲ್ಲಿ ಶೇ 1.9. ಇವರಿಗೆ ಉಳಿತಾಯದ ಬುದ್ಧಿಯಿಲ್ಲ ಎಂದು ಸಭೆಯೊಂದರಲ್ಲಿ ಯಾರೋ ಹೇಳಿದಾಗ ನನಗೆ ಸುಮ್ಮನಿರಲಾಗಲಿಲ್ಲ. ಮೆಕ್ಸಿಕೊ ಮೂಲದವರಲ್ಲಿ ‘ತಾಂಡಾ’ ಎಂಬುದಿದೆ. ಹತ್ತು ಮಂದಿ ಗೆಳತಿಯರೋ ಸಹೋದ್ಯೋಗಿಗಳೋ ಸೇರಿ ವಾರಕ್ಕೆ ನೂರು ಡಾಲರ್ ಹಾಕಿ, ಸರದಿಯಂತೆ ಒಬ್ಬೊಬ್ಬರು ಸಾವಿರ ಡಾಲರ್ ತೆಗೆದುಕೊಳ್ಳುತ್ತಾರೆ. ಚೀಟಿ ಹಾಕಿ ಗೊತ್ತಿರುವ ನಮಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಹರಾಜಿನ ಚೀಟಿಗೂ ಅದಕ್ಕೂ ಇರುವ ವ್ಯತ್ಯಾಸವೆಂದರೆ ಅಲ್ಲಿ ಕೂಗುವುದಿಲ್ಲ, ಸರದಿ ಮೊದಲೇ ನಿಗದಿಯಾಗಿರುತ್ತದೆ. ಮಗಳ ಹದಿನೈದನೆಯ ಹುಟ್ಟುಹಬ್ಬದ ದೊಡ್ಡ ಸಮಾರಂಭಕ್ಕೆ, ಹಳೆಯ ಕಾರಿನ ಮುಂಗಡಕ್ಕೆ ಆ ಹಣ ಹೋಗುತ್ತದೆ. ‘ನಿಮಗೆ ಉಳಿತಾಯ ಖಾತೆ ಇದೆಯೇ’ ಎಂಬ ಪ್ರಶ್ನೆಗೆ ಇದು ಯಾವುದೂ ಸಿಕ್ಕುವುದಿಲ್ಲ.

ಎರಡನೆಯ ಅಂಕಣದ ‘ಇತರ ವಯಸ್ಕರು’ ಕೂಡ ನಿಂತಲ್ಲೇ ನಿಂತಿಲ್ಲ. ತೊಂಬತ್ತರ ದಶಕದ ಆರಂಭದಲ್ಲೇ ಡಾಲರ್ ಲೆಕ್ಕದ ಮಾರಾಟದಲ್ಲಿ ಸಾಲ್ಸಾ ಎಂಬ ಮೆಕ್ಸಿಕನ್ ಚಟ್ನಿ ಕೆಚಪ್ಪನ್ನು ಹಿಂದಿಕ್ಕಿತು. 1914ರಿಂದ ನಿಷೇಧದಲ್ಲಿದ್ದ ಮೆಕ್ಸಿಕೊದ ಬೆಣ್ಣೆಹಣ್ಣಿಗೆ 1997ರಲ್ಲಿ ಕೆಲವು ರಾಜ್ಯಗಳು, 2007ರ ಹೊತ್ತಿಗೆ ಎಲ್ಲ ರಾಜ್ಯಗಳೂ ತೆರೆದವು. 2023ರಲ್ಲಿ ಮೊಡೆಲೊ ಎಂಬ ಮೆಕ್ಸಿಕೊದ ಬಿಯರು ಅಂಗಡಿ ಮಾರಾಟದ ಡಾಲರ್ ಲೆಕ್ಕದಲ್ಲಿ ಬಡ್ ಲೈಟ್ ಎಂಬ ಅಮೆರಿಕದ ಬಿಯರನ್ನು ದಾಟಿ ಮೊದಲ ಸ್ಥಾನಕ್ಕೆ ಬಂತು. ನಮ್ಮ ಮನೆಗೆ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಅಚ್ಚು ಬೆಲ್ಲದಂತಿರುವ ಪಿಲೋನ್ಸಿಯೊ ಬರುವುದು ಮೆಕ್ಸಿಕನ್ ಅಂಗಡಿಯಿಂದಲೇ. ಅಂಗಡಿಯ ಬಗೆ ನೋಡಿ ಲೆಕ್ಕ ಹಾಕುವ ಮಾರಾಟದ ವರದಿಯಲ್ಲಿ ಅವೂ ಹಿಸ್ಪಾನಿಕ್ ಖರೀದಿಯೊಳಗೆ ಸೇರಿಹೋಗುತ್ತವೆ. ಇದನ್ನೆಲ್ಲ ಕಂಡ ಮೇಲೆ ನನ್ನ ಪ್ರಶ್ನಾವಳಿಯ ಆರಂಭದಲ್ಲಿ, ಮೂಲ ದೇಶ ಯಾವುದು ಎಂದು ಕೇಳುವುದಕ್ಕೂ ಮೊದಲು, ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ: ಈ ವಾರ ನಿಮ್ಮ ಮನೆಯಲ್ಲಿ ಯಾವ ಕಾಳು ಬೇಯಿಸಿದಿರಿ, ಆ ಪೊಟ್ಟಣವನ್ನು ಅಂಗಡಿಯಲ್ಲಿ ಆರಿಸಿದವರು ಯಾರು.