ಕಾರ್ಡಿನಿಂದ ಬೂಟ್ ಆಗುವುದು: ಪಂಪ್‌ಶೆಡ್ಡಿನಲ್ಲಿ ಕಲಿತದ್ದು

ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟದ ಪಂಪ್‌ಶೆಡ್ಡಿನಲ್ಲಿ ಒಂದು ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರ್ ಇದೆ. ಟ್ಯಾಂಕಿನ ನೀರು ನೋಡಿ ಪಂಪ್ ಹಾಕುವುದು, ಆರಿಸುವುದು ಅದರ ಕೆಲಸ. ಮೊದಲ ಸಲ ನಾನು ಇಮೇಜ್ ಫೈಲನ್ನು ಮೈಕ್ರೋ ಎಸ್‌ಡಿ ಕಾರ್ಡಿಗೆ ಸುಮ್ನೆ ಕಾಪಿ ಮಾಡಿ ಹಾಕಿದ್ದೆ. ಕೆಂಪು ದೀಪ ಉರಿಯಿತು. ಹಸಿರು ದೀಪ ಮಿಣುಕಲೇ ಇಲ್ಲ.

ಅಡಿಕೆ ಸಸಿಯನ್ನು ಪ್ಲಾಸ್ಟಿಕ್ ತೊಟ್ಟೆ ಸಮೇತ ಗುಂಡಿಯಲ್ಲಿ ಇಟ್ಟ ಹಾಗೆ ಆಯಿತು ಅದು. ಇಮೇಜ್ ಅಂದರೆ ಇಡೀ ಡಿಸ್ಕಿನ ಪಡಿಯಚ್ಚು. ಪಾರ್ಟಿಷನ್ (ಡಿಸ್ಕಿನ ಭಾಗ) ಪಟ್ಟಿ, ಬೂಟ್ ಪಾರ್ಟಿಷನ್, ಲಿನಕ್ಸ್ ಎಲ್ಲ ಅದರೊಳಗೇ ಇರುತ್ತದೆ. ಅದನ್ನು ಬಿಚ್ಚಿ ಕಾರ್ಡಿನ ಮೊದಲ ಸೆಕ್ಟರಿನಿಂದಲೇ ಬರೆಯಬೇಕು. ಲಿನಕ್ಸಿನಲ್ಲಿ ಇದಕ್ಕೆ ಡಿಡಿ (dd) ಕಮಾಂಡ್ ಇದೆ. ಅದಕ್ಕೆ ಮೊದಲು ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಹೊಡೆದು ಕಾರ್ಡಿನ ಹೆಸರು ನೋಡಿ. ಕಾರ್ಡ್ ಎಸ್‌ಡಿಬಿ (sdb) ಆಗಿದ್ದರೆ ಎಸ್‌ಡಿಬಿ ಎಂದೇ ಕೊಡಿ, ಎಸ್‌ಡಿಬಿ1 ಬೇಡ, ಅದು ಕಾರ್ಡಿನ ಒಂದು ಪಾರ್ಟಿಷನ್ ಮಾತ್ರ. ಅಕ್ಷರ ತಪ್ಪಿದರೆ ಲ್ಯಾಪ್‌ಟಾಪಿನ ಡಿಸ್ಕೇ ಅಳಿದುಹೋಗಬಹುದು. ಡಿಡಿ ಏನೂ ಕೇಳುವುದಿಲ್ಲ, ಬರೆದುಬಿಡುತ್ತದೆ!

ಪೈ 3ರಲ್ಲಿ ಕರೆಂಟ್ ಕೊಟ್ಟ ಕೂಡಲೇ ಏಳುವುದು ಮುಖ್ಯ ಪ್ರೊಸೆಸರ್ ಅಲ್ಲ, ಚಿತ್ರ ಮೂಡಿಸುವ ಜಿಪಿಯು. ಚಿಪ್ಪಿನೊಳಗೆ ಕಾಯಂ ಆಗಿ ಬರೆದಿಟ್ಟ ರೋಮ್ (ROM) ಕೋಡ್ ಫ್ಯಾಟ್ (FAT) ಎಂಬ ಮಾದರಿಯ ಪಾರ್ಟಿಷನ್ ಹುಡುಕಿ, ಅಲ್ಲಿಂದ ಬೂಟ್‌ಕೋಡ್ ಫೈಲ್ ಓದುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ಬರುವುದು ಆಮೇಲೆ. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಬೇರೆ ಮಾದರಿಯಲ್ಲಿ ಬರುತ್ತವೆ. ಆ ರೋಮ್ ಕೋಡಿಗೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ. ಇಮೇಜ್ ಬರೆದರೆ ಈ ತೊಂದರೆ ಇಲ್ಲ, ಫೈಲುಗಳನ್ನು ಕೈಯಾರೆ ಹಾಕುವವರು ಮಾತ್ರ ಮೊದಲು ಫ್ಯಾಟ್32 ಮಾಡಿಕೊಳ್ಳಬೇಕು.

ಹಳೆಯ ಕಾರ್ಖಾನೆ ಬೋರ್ಡುಗಳಲ್ಲಿ ಕಾಂಪ್ಯಾಕ್ಟ್ ಫ್ಲಾಶ್ ಎಂಬ ಇನ್ನೊಂದು ಬಗೆಯ ಕಾರ್ಡ್ ಸಿಗುತ್ತದೆ. ಅದಕ್ಕೆ ಹಳೆಯ ಹಾರ್ಡ್ ಡಿಸ್ಕುಗಳ ಐಡಿಇ ಭಾಷೆ ಹುಟ್ಟಿನಿಂದಲೇ ಗೊತ್ತು, ಹಾಗಾಗಿ ಅಡಾಪ್ಟರಿನಲ್ಲಿ ಹೆಚ್ಚುಕಡಿಮೆ ತಂತಿಗಳಷ್ಟೇ. ಅಲ್ಲಿ ಬೋರ್ಡನ್ನು ಎಬ್ಬಿಸುವ ಬಯಾಸ್ (BIOS) ಕಾರ್ಡಿನ ಮೊದಲ 512 ಬೈಟ್ ಓದುತ್ತದೆ: 446 ಬೈಟ್ ಕೋಡ್, 64 ಬೈಟ್ ಪಾರ್ಟಿಷನ್ ಪಟ್ಟಿ, ಕೊನೆಯ 2 ಬೈಟ್ ಗುರುತು. ಬೂಟ್ ಆಗಬೇಕಾದ ಪಾರ್ಟಿಷನ್ನಿಗೆ ಆ್ಯಕ್ಟಿವ್ ಗುರುತು ಹಾಕಲು ಮರೆತರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಬೂಟ್ ಆಯಿತು ಅಂತ ಖುಷಿಪಟ್ಟರೆ ಸಾಕೇ? ಆಟಿಯ ಗಾಳಿಮಳೆಗೆ ನಮ್ಮಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಗೊತ್ತಲ್ವಾ. ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್ ಸಿಸ್ಟಮ್ ಕೆಡಬಹುದು. ಫ್ಲಾಶ್‌ಗೆ ಇನ್ನೊಂದು ಗುಣವೂ ಇದೆ: ಅಳಿಸುವಾಗ ದೊಡ್ಡ ಬ್ಲಾಕನ್ನೇ ಅಳಿಸಬೇಕು, ಪ್ರತಿ ಬ್ಲಾಕ್ ಇಷ್ಟೇ ಸಲ ಅಂತ ತಾಳುತ್ತದೆ. ಹಾಗಾಗಿ ಬರೆಯುವುದು ಕಡಿಮೆ ಆದಷ್ಟೂ ಒಳ್ಳೆಯದು. ನಾನು ಸ್ವಾಪ್ (ರ್‍ಯಾಮ್ ಸಾಲದಾಗ ಕಾರ್ಡನ್ನು ಬಳಸುವುದು) ತೆಗೆದೆ, ಲಾಗನ್ನು (ಸಿಸ್ಟಮ್ಮಿನ ದಿನಚರಿಯನ್ನು) ಕರೆಂಟ್ ಹೋದರೆ ಅಳಿಯುವ ರ್‍ಯಾಮ್‌ಗೆ ಹಾಕಿದೆ, ಎಫ್‌ಎಸ್‌ಟ್ಯಾಬ್ (fstab) ಫೈಲಿನಲ್ಲಿ ನೋಎಟೈಮ್ ಸೇರಿಸಿ ಫೈಲ್ ಓದಿದಾಗಲೆಲ್ಲ ಹೊತ್ತು ಬರೆಯುವುದನ್ನು ನಿಲ್ಲಿಸಿದೆ. ಕೊನೆಗೆ ಪೈಯ ಸೆಟ್ಟಿಂಗ್ ಬದಲಿಸುವ ರಾಸ್ಪಿ ಕಾನ್ಫಿಗ್‌ನಲ್ಲಿ ಓವರ್‌ಲೇ ಆನ್ ಮಾಡಿದೆ. ಆಗ ಬದಲಾವಣೆಗಳೆಲ್ಲ ರ್‍ಯಾಮ್‌ನಲ್ಲೇ ಉಳಿಯುತ್ತವೆ, ಕಾರ್ಡಿಗೆ ಹೋಗುವುದಿಲ್ಲ.

ಅದಾದ ಮೇಲೆ ಒಂದು ದಿನ ಪಂಪ್ ಹಾಕುವ ಹೊತ್ತು ಬದಲಿಸಿದೆ. ಮರುದಿನ ನೋಡಿದರೆ ಹಳೆಯ ಹೊತ್ತಿಗೇ ಪಂಪ್ ಶುರು! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ನೆನಪಾಯಿತು, ರಾತ್ರಿ ಕರೆಂಟ್ ಹೋಗಿತ್ತು. ಈಗ ಏನಾದರೂ ಬದಲಿಸುವ ಮುಂಚೆ ಓವರ್‌ಲೇ ಆಫ್ ಮಾಡುತ್ತೇನೆ. ನೀರಿನ ಲೆಕ್ಕ ಬರೆಯಲು ಬೇರೆ ಪೆನ್‌ಡ್ರೈವ್ ಚುಚ್ಚಿದ್ದೇನೆ.