ನಾವೇ ಜನ: ಕೈತಪ್ಪಿದ ಪದಗಳನ್ನು ವಾಪಸ್ ತರುವುದರ ಬಗ್ಗೆ ಅಧ್ಯಯನ ಟಿಪ್ಪಣಿ

ಉದಾರವಾದಿ ಪ್ರಜಾಪ್ರಭುತ್ವದ (ಲಿಬರಲ್ ಡೆಮಾಕ್ರಸಿ) ಪಾಠದಲ್ಲಿ ನಾನು ಮೊದಲು ಎಡವಿದ್ದು ಹೆಸರಿನಲ್ಲೇ. ಕನ್ನಡದಲ್ಲಿ ಉದಾರಿ ಅಂದರೆ ಕೈಬಿಚ್ಚಿ ಕೊಡುವವನು. ಹಾಗಾಗಿ ‘ಉದಾರವಾದಿ ಪ್ರಜಾಪ್ರಭುತ್ವ’ ಅಂದರೆ ಸರ್ಕಾರ ದೊಡ್ಡ ಮನಸ್ಸು ಮಾಡಿ ಜನರಿಗೆ ಸ್ವಾತಂತ್ರ್ಯ ಕೊಡುವುದು ಅಂದುಕೊಂಡಿದ್ದೆ. ವಿಷಯ ಪೂರ್ತಿ ಉಲ್ಟಾ. ಇಲ್ಲಿ ಸರ್ಕಾರ ಏನನ್ನೂ ದಾನ ಮಾಡುವುದಿಲ್ಲ, ಅದರ ಕೈಯನ್ನೇ ಕಟ್ಟಿರುತ್ತಾರೆ.

ಎರಡು ಪದ, ಎರಡು ಬೇರೆ ಪ್ರಶ್ನೆ ಅಂತ ಇಟ್ಟುಕೊಂಡರೆ ಸುಲಭ. ಯಾರು ಆಳಬೇಕು? ಜನ ಆರಿಸಿದವರು. ಇದು ಪ್ರಜಾಪ್ರಭುತ್ವದ ಉತ್ತರ. ಆರಿಸಿ ಬಂದವರು ಎಲ್ಲಿಯವರೆಗೆ ಹೋಗಬಹುದು? ಕೋರ್ಟು, ಪತ್ರಿಕೆ, ಸೋತವರ ಹಕ್ಕು, ಮುಂದಿನ ಚುನಾವಣೆ, ಇವುಗಳ ತಂಟೆಗೆ ಹೋಗದಷ್ಟು ದೂರ. ಇದು ಉದಾರವಾದದ ಉತ್ತರ.

ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಇಟ್ಟುಕೊಳ್ಳಬಹುದು ಅನ್ನುವವರಿದ್ದಾರೆ. ಹಂಗೇರಿಯ ಪ್ರಧಾನಿಯಾಗಿದ್ದಾಗ ವಿಕ್ಟರ್ ಓರ್ಬಾನ್ 2014ರ ಜುಲೈನಲ್ಲಿ ಒಂದು ಭಾಷಣ ಮಾಡಿದರು. ಪ್ರಜಾಪ್ರಭುತ್ವ ಉದಾರವಾದಿಯೇ ಆಗಿರಬೇಕಾಗಿಲ್ಲ ಅನ್ನುವುದು ಅದರ ತಿರುಳು. ಆ ಮಾತಿನ ಹಿಂದಿನ ಲೆಕ್ಕ ನೋಡಿ. 2010ರಲ್ಲಿ ಅವರ ಕೂಟಕ್ಕೆ ಬಂದದ್ದು ಸುಮಾರು 53% ಮತ, ಸಿಕ್ಕಿದ್ದು ಸುಮಾರು 68% ಸೀಟು. ಸಂವಿಧಾನ ಬದಲಿಸಲು ಮೂರನೇ ಎರಡು ಭಾಗ ಇದ್ದರೆ ಆಯ್ತು. 2012ರ ಜನವರಿ 1ರಿಂದ ಹೊಸ ಸಂವಿಧಾನ ಜಾರಿಗೆ ಬಂತು. ಗೆದ್ದಿದ್ದು ನ್ಯಾಯವಾಗಿಯೇ. ಆದರೆ ಒಂದು ಪಂದ್ಯ ಗೆದ್ದವರು ಮುಂದಿನ ಪಂದ್ಯದ ನಿಯಮಗಳನ್ನೂ ತಾವೇ ಬರೆದುಕೊಂಡರು.

ಓರ್ಬಾನ್ ಬಾಯಿಬಿಟ್ಟು ಹೇಳಿದರು. ಸರ್ವಾಧಿಕಾರದ ಕಡೆ ಹೊರಟವರು ಸಾಮಾನ್ಯವಾಗಿ ಹೇಳುವುದಿಲ್ಲ. ಹಳೆಯ ಒಳ್ಳೆಯ ಪದಗಳನ್ನು ಹಾಗೇ ಬಿಟ್ಟು ಒಳಗಿನ ತಿರುಳನ್ನು ಮಾತ್ರ ತೆಗೆದುಬಿಡುತ್ತಾರೆ. ಹಿಟ್ಲರನಿಗೆ ಸಂಸತ್ತಿನ ಅಧಿಕಾರವನ್ನು ಒಪ್ಪಿಸಿದ, 1933ರ ಮಾರ್ಚ್ 23ರ ಕಾಯ್ದೆಯ ಅಧಿಕೃತ ಹೆಸರೇನು ಗೊತ್ತಾ? ‘ಜನರ ಮತ್ತು ರಾಷ್ಟ್ರದ ಸಂಕಷ್ಟ ನಿವಾರಣೆಯ ಕಾಯ್ದೆ’. ಒಳಗೆ ಐದೇ ಕಲಮು. ಸರ್ಕಾರವೇ ಕಾನೂನು ಮಾಡಬಹುದು ಅನ್ನುತ್ತದೆ ಮೊದಲನೆಯದು. ಆ ಕಾನೂನು ಸಂವಿಧಾನಕ್ಕೆ ಹೊಂದದಿದ್ದರೂ ನಡೆಯುತ್ತದೆ ಅನ್ನುತ್ತದೆ ಎರಡನೆಯದು. ಪರವಾಗಿ 444 ಮತ, ವಿರುದ್ಧ 94. ಕಮ್ಯುನಿಸ್ಟ್ ಸದಸ್ಯರನ್ನು ಒಳಗೆ ಬರಲೇ ಬಿಟ್ಟಿರಲಿಲ್ಲ. ಓದುವಾಗ ನಾನು ಮಾಡಿಕೊಂಡ ಅಭ್ಯಾಸ ಇದು: ಕಾಯ್ದೆಯ ಹೆಸರನ್ನು ಕೈಯಿಂದ ಮುಚ್ಚಿ, ಕಲಮುಗಳನ್ನು ಮೊದಲು ಓದುವುದು.

ಸೋವಿಯತ್ ಒಕ್ಕೂಟದ 1936ರ ಸಂವಿಧಾನ ಇನ್ನೂ ನಾಜೂಕು. ಅದರ 125ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ, ಮೆರವಣಿಗೆ ಎಲ್ಲಾ ಇದೆ. ಆದರೆ ವಾಕ್ಯದ ಶುರುವಲ್ಲೇ ಒಂದು ಷರತ್ತು: ‘ದುಡಿಯುವ ಜನರ ಹಿತಕ್ಕೆ ತಕ್ಕಂತೆ’. ಯಾವುದು ಹಿತ ಅಂತ ತೀರ್ಮಾನ ಮಾಡುವವರು ಯಾರು? ಪಕ್ಷ. ಅಲ್ಲಿಗೆ ಮುಗಿಯಿತು.

ಹಾಗಂತ ಆ ಪದಗಳನ್ನು ಅವರಿಗೇ ಬಿಟ್ಟುಕೊಡಬೇಕಾ? 1965ರ ಡಿಸೆಂಬರ್ 5ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಕೆಲವು ಜನ ಸೇರಿದರು. ಬಂಧನದಲ್ಲಿದ್ದ ಇಬ್ಬರು ಲೇಖಕರ ವಿಚಾರಣೆ ಬಹಿರಂಗವಾಗಿ ನಡೆಯಲಿ ಅನ್ನುವುದು ಅವರ ಬೇಡಿಕೆ. ಇದರ ಹಿಂದಿದ್ದವರು ಗಣಿತಜ್ಞ ಅಲೆಕ್ಸಾಂಡರ್ ಎಸೆನಿನ್-ವೋಲ್ಪಿನ್. ಅವರ ಒಂದು ಫಲಕದಲ್ಲಿ ಬರೆದಿದ್ದು ‘ಸೋವಿಯತ್ ಸಂವಿಧಾನವನ್ನು ಗೌರವಿಸಿ’ ಅಂತ. ಆ ದಿನ ಬೇರೆ ಸಂವಿಧಾನ ದಿನ. ನಿಮಿಷಗಳಲ್ಲೇ ಅವರನ್ನು ಎಳೆದುಕೊಂಡು ಹೋದರು. ತಮ್ಮದೇ ಸಂವಿಧಾನವನ್ನು ಗೌರವಿಸಿ ಅಂದವರನ್ನು ಹಿಡಿಯಬೇಕಾಗಿ ಬಂತಲ್ಲ, ಪೇಚಾಟ ಅದು.

1977ರ ಜನವರಿಯಲ್ಲಿ ಚೆಕೊಸ್ಲೊವಾಕಿಯಾದಲ್ಲೂ ಇದೇ ಉಪಾಯ. ನಾಗರಿಕ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದ್ದ ಸರ್ಕಾರ 1976ರಲ್ಲಿ ಅದನ್ನು ತನ್ನ ಕಾನೂನು ಸಂಪುಟದಲ್ಲೇ ಅಚ್ಚು ಹಾಕಿತ್ತು. ಇನ್ನೂರಕ್ಕೂ ಹೆಚ್ಚು ಜನ ಸಹಿ ಮಾಡಿ ‘ಚಾರ್ಟರ್ 77’ ಹೊರಡಿಸಿದರು. ನೀವೇ ಅಚ್ಚು ಹಾಕಿದ್ದೀರಲ್ಲ, ಅದರಂತೆ ನಡೆಯಿರಿ, ಅಷ್ಟೇ. ಹೊಸ ಸಿದ್ಧಾಂತವೇನೂ ಇಲ್ಲ. ಕೊಟ್ಟ ಮಾತಿನ ವಸೂಲಿ.

ನನಗೆ ಜಾಸ್ತಿ ಹಿಡಿಸಿದ್ದು ಲೈಪ್‌ಜಿಗ್ ಕಥೆ. ಪೂರ್ವ ಜರ್ಮನಿಯಲ್ಲಿ ಎಲ್ಲದಕ್ಕೂ ‘ಜನ’ ಅಂಟಿಸಿದ್ದರು. ಸಂಸತ್ತು ಜನರ ಸಭೆ, ಪೊಲೀಸರು ಜನರ ಪೊಲೀಸರು, ಸೇನೆ ಜನರ ಸೇನೆ. ದೇಶದ ಹೆಸರಿನಲ್ಲೇ ‘ಪ್ರಜಾಸತ್ತಾತ್ಮಕ’ ಅಂತ ಇತ್ತು. 1989ರ ಅಕ್ಟೋಬರ್‌ನಲ್ಲಿ ಅಲ್ಲಿನ ಲೈಪ್‌ಜಿಗ್ ನಗರದಲ್ಲಿ ಸರ್ಕಾರದ ವಿರುದ್ಧ ಬೀದಿಗಿಳಿದವರನ್ನು ಮಾತ್ರ ಪುಂಡರು ಅಂದರು. ಗುಂಪಿನಿಂದ ಮೊದಲು ಬಂದ ಉತ್ತರ ‘ನಾವು ಪುಂಡರಲ್ಲ’. ಇದರಲ್ಲಿ ಒಂದು ತೊಡಕಿದೆ. ಎದುರಿನವರು ಕೊಟ್ಟ ಪದವನ್ನು ಅಲ್ಲಗಳೆಯುತ್ತಾ ಅದನ್ನೇ ಕೂಗುತ್ತಿದ್ದೇವೆ. ಆಮೇಲೆ ಕೂಗು ಬದಲಾಯಿತು: ‘ನಾವೇ ಜನ’. ಅಕ್ಟೋಬರ್ 9ರ ಸಂಜೆ ಸುಮಾರು 70,000 ಮಂದಿ ನಡೆದರು. ಗುಂಡು ಹಾರಲಿಲ್ಲ. ಎಲ್ಲದರ ಮೇಲೂ ಬರೆದಿದ್ದ ಪದಕ್ಕೆ ಅದರ ಮಾಲೀಕರು ಬಂದು ಎದುರಿಗೇ ನಿಂತಂತಾಯಿತು.

ನಮ್ಮ ‘ಪ್ರಜೆ’ಯ ಕಥೆಯೂ ಸ್ವಲ್ಪ ಹೀಗೇ ಅಲ್ವಾ? ಅದು ರಾಜನಿದ್ದ ಕಾಲದ ಪದ, ಆಳಿಸಿಕೊಳ್ಳುವವನು ಅಂತ ಅರ್ಥ. ಈಗ ಅದೇ ಪದ ಪ್ರಭುತ್ವದ ಜೊತೆ ಸೇರಿ ಆಳುವವನ ಜಾಗದಲ್ಲಿ ಕೂತಿದೆ.

ಲೈಪ್‌ಜಿಗ್ ಕಥೆ ಅಲ್ಲಿಗೆ ನಿಲ್ಲುವುದಿಲ್ಲ, ಪರೀಕ್ಷೆಗೂ ಈ ಭಾಗ ಬಿಡಬೇಡಿ. 2014ರಲ್ಲಿ ಡ್ರೆಸ್ಡೆನ್‌ನಲ್ಲಿ ವಲಸಿಗರ ವಿರುದ್ಧ ಮೆರವಣಿಗೆ ಹೊರಟ ಪೆಗಿಡಾ ಗುಂಪು ಕೂಗಿದ್ದೂ ‘ನಾವೇ ಜನ’ ಅಂತಲೇ. ಒಂದಕ್ಷರ ಬದಲಾಗಿಲ್ಲ. ಬೇಲಿ ಮಾತ್ರ ಜಾಗ ಬದಲಾಯಿಸಿತ್ತು. 1989ರಲ್ಲಿ ಅದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಇತ್ತು. 2014ರಲ್ಲಿ ಅಕ್ಕಪಕ್ಕದ ಮನೆಯವರ ನಡುವೆ ಬಂತು. ಹಾಗಾಗಿ ‘ಜನ’ ಅನ್ನುವ ಮಾತು ಕಿವಿಗೆ ಬಿದ್ದಾಗೆಲ್ಲ ನಾನು ಟಿಪ್ಪಣಿಯ ಅಂಚಿನಲ್ಲಿ ಬರೆದುಕೊಳ್ಳುವುದು ಒಂದೇ: ಇದರೊಳಗೆ ಯಾರು ಇಲ್ಲ?

ಕೊನೆಗೆ ಇತ್ತೀಚಿನ ಒಂದು ಉದಾಹರಣೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಅದನ್ನು ‘ವಿಶೇಷ ಸೇನಾ ಕಾರ್ಯಾಚರಣೆ’ ಅನ್ನಬೇಕು, ಯುದ್ಧ ಅನ್ನಬಾರದು ಅಂತ ಅಲ್ಲಿನ ಸರ್ಕಾರ ಹೇಳಿತು. ಮಾರ್ಚ್ 4ರಂದು ಹೊಸ ಕಾನೂನು ಬಂತು: ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಜೈಲು. ರಷ್ಯನ್ ಭಾಷೆಯಲ್ಲಿ ‘ಯುದ್ಧ ಬೇಡ’ ಅನ್ನಲು ಎರಡು ಪದ, ಒಂದರಲ್ಲಿ ಮೂರು ಅಕ್ಷರ, ಇನ್ನೊಂದರಲ್ಲಿ ಐದು. ಕೆಲವರು ಫಲಕದಲ್ಲಿ ಪದಗಳ ಬದಲು ಮೂರು ನಕ್ಷತ್ರ, ಸ್ವಲ್ಪ ಜಾಗ, ಮತ್ತೆ ಐದು ನಕ್ಷತ್ರ ಬರೆದು ಹಿಡಿದು ನಿಂತರು. ಅದನ್ನು ಪೊಲೀಸರೂ ಸರಿಯಾಗಿಯೇ ಓದಿಕೊಂಡರು, ಹಿಡಿದು ನಿಂತವರನ್ನು ಕರೆದುಕೊಂಡು ಹೋದರು.