ಡೇರಿಯ ಸಾಫ್ಟ್‌ವೇರ್ ಸರಿ ಮಾಡಿದರೆ ಅದು ಸಂಶೋಧನೆ ಆಗುತ್ತಾ?

ಪ್ರಶ್ನೆ: ಹಾಸನದಲ್ಲಿ ಎಂಸಿಎ ಮುಗಿಸಿ ಪಿಎಚ್.ಡಿ.ಗೆ ಸೇರಿದ್ದೇನೆ. ನಮ್ಮೂರ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಇದೆ, ಸಾಫ್ಟ್‌ವೇರ್ ಇದೆ. ಆದರೆ ಹಾಲು ಹಾಕುವವರಿಗೆ ತಮ್ಮ ಲೆಕ್ಕವೇ ಸರಿಯಾಗಿ ತಿಳಿಯುವುದಿಲ್ಲ. ಅಲ್ಲಿಯವರ ಜೊತೆ ಸೇರಿ ಅದನ್ನು ಸರಿ ಮಾಡುತ್ತಾ ಅಧ್ಯಯನ ಮಾಡೋಣ ಅಂತಿದ್ದೇನೆ. 'ಇದು ಸಂಶೋಧನೆ ಅಲ್ಲ, ರಿಪೇರಿ ಕೆಲಸ' ಅಂತ ಕೆಲವರು ಅನ್ನುತ್ತಾರೆ. ನಿಜವಾ?

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಡೇರಿಯ ಜಾಗದಲ್ಲಿ ಒಮ್ಮೆ ಆಸ್ಪತ್ರೆ ಇರುತ್ತದೆ, ಒಮ್ಮೆ ಸೊಸೈಟಿ. ಉತ್ತರ ಒಂದೇ. ನೀವು ಕೈ ಹಾಕಿದಿರಿ ಅನ್ನುವ ಕಾರಣಕ್ಕೆ ಅದು ಸಂಶೋಧನೆ ಆಗದೆ ಹೋಗುವುದಿಲ್ಲ. ಕೈ ಹಾಕುವ ಮೊದಲು ಏನು ಬರೆದಿಟ್ಟಿದ್ದಿರಿ ಅನ್ನುವುದೇ ಮುಖ್ಯ.

ಈ ದಾರಿಗೆ ಹೆಸರಿದೆ, ಕ್ರಿಯಾ ಸಂಶೋಧನೆ. ಬಿ.ಎಡ್. ಮಾಡಿದವರಿಗೆ ಈ ಮಾತು ಹೊಸದಲ್ಲ. ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋಗಿ ನೆಲೆಸಿದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರ ಲೇಖನವೊಂದರಲ್ಲಿ ಇದರ ರೂಪ ಕೊಟ್ಟರು. ಯೋಜನೆ ಹಾಕು, ಮಾಡು, ಏನಾಯಿತು ನೋಡು, ಮತ್ತೆ ಯೋಜನೆ ಹಾಕು. 1978ರಲ್ಲಿ ಸುಸ್ಮನ್ ಮತ್ತು ಎವರೆಡ್ ಅದನ್ನು ಐದು ಹಂತದ ಸುತ್ತಾಗಿ ಬರೆದರು: ತೊಂದರೆ ಗುರುತಿಸುವುದು, ಯೋಜನೆ, ಕೆಲಸ, ಫಲ ಅಳೆಯುವುದು, ಕಲಿತದ್ದನ್ನು ಹೇಳುವುದು. ಮಾಹಿತಿ ವ್ಯವಸ್ಥೆಗಳ ಅಧ್ಯಯನದಲ್ಲಿ ಇಂದಿಗೂ ಹೆಚ್ಚಿನವರು ಹಿಡಿಯುವುದು ಈ ಸುತ್ತನ್ನೇ. ಕೊನೆಯ ಹಂತ ರಿಪೇರಿಯವರಿಗೆ ಬೇಕಿಲ್ಲ. ನಿಮಗೆ ಬೇಕು.

ಈಗ ಡೇರಿಗೆ ಬರೋಣ. ಬೆಳಿಗ್ಗೆ ಆರೂವರೆಗೆ ಯಾವುದಾದರೂ ಹಳ್ಳಿಯ ಡೇರಿ ಮುಂದೆ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ಸ್ಟೀಲ್ ಕ್ಯಾನ್ ಹಿಡಿದು ಸಾಲಾಗಿ ಬರುತ್ತಾರೆ. ಹಾಲು ಸುರಿಯುತ್ತಾರೆ, ತೂಕ ಆಗುತ್ತದೆ, ಸ್ವಲ್ಪ ಹಾಲು ಮೆಷಿನ್‌ಗೆ ಹೋಗುತ್ತದೆ, ಪರದೆ ಮೇಲೆ ಫ್ಯಾಟ್ (ಕೊಬ್ಬು) ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನ ಅಂಶ) ಅಂಕಿ ಬರುತ್ತವೆ. ಅಷ್ಟರಲ್ಲಿ ಮುಂದಿನ ಕ್ಯಾನ್ ಬಂದಿರುತ್ತದೆ. ಹಾಲು ಸುರಿದ ಹೆಂಗಸು ಪರದೆ ಕಡೆ ನೋಡುವುದೇ ಇಲ್ಲ. ಪರದೆ ತಿರುಗಿರುವುದು ಕಾರ್ಯದರ್ಶಿಯ ಕಡೆಗೆ. ಲೆಕ್ಕದ ಮೆಸೇಜ್ ಫೋನಿಗೆ ಬರುತ್ತದಲ್ಲ ಅಂತ ಕೇಳಿದರೆ, 'ಅದು ನಮ್ಮ ಯಜಮಾನ್ರ ಫೋನಿಗೆ' ಅನ್ನುತ್ತಾರೆ. ಆ ಫೋನ್ ಹೊಲದಲ್ಲೋ ಬೆಂಗಳೂರಿನಲ್ಲೋ ಇರುತ್ತದೆ. ಹಸು ಕಟ್ಟುವವರು, ಹಾಲು ಕರೆಯುವವರು, ಡೇರಿಗೆ ತರುವವರು ಇವರು. ಸದಸ್ಯತ್ವ ಇನ್ನೊಬ್ಬರ ಹೆಸರಲ್ಲಿ.

ಸಂಶೋಧನೆಯಲ್ಲಿ ಸಂದರ್ಭ ಅನ್ನುತ್ತಾರಲ್ಲ, ಅದು ಇದೇ. ಈ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಸರವಿದೆ. ನಮ್ಮ ಎಷ್ಟೋ ಪ್ರಬಂಧಗಳಲ್ಲಿ ಸಂದರ್ಭ ಅಂದರೆ 'ಅಧ್ಯಯನ ಪ್ರದೇಶದ ಪರಿಚಯ' ಅನ್ನುವ ಒಂದು ಅಧ್ಯಾಯ. ತಾಲ್ಲೂಕು ಎಷ್ಟು, ಮಳೆ ಎಷ್ಟು, ಸಾಕ್ಷರತೆ ಎಷ್ಟು. ಮುಂದಿನ ಅಧ್ಯಾಯಗಳಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಸಾಫ್ಟ್‌ವೇರ್ ಕೆಲಸ ಮಾಡಿತೋ ಇಲ್ಲವೋ ಅನ್ನುವುದಕ್ಕೆ ಕಾರಣ ಹೇಳದಿದ್ದರೆ ಅಷ್ಟು ಪುಟ ಯಾಕೆ? ಹಾಸನ ಒಂದೇ ಜಿಲ್ಲೆ. ಆದರೂ ಅರಸೀಕೆರೆ ಕಡೆಯ ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿವೆ, ಡೇರಿ ಊರ ನಡುವೆ ಇರುತ್ತದೆ. ಸಕಲೇಶಪುರ ದಾಟಿದರೆ ಒಂಟಿ ಮನೆಗಳು. ಮಳೆಗಾಲದಲ್ಲಿ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಒಂದೇ ಸಾಫ್ಟ್‌ವೇರ್ ಎರಡು ಕಡೆ ಎರಡು ಥರ ನಡೆದರೆ ಆಶ್ಚರ್ಯ ಏನಿದೆ?

ಇದನ್ನು ಮೊದಲು ಚೆನ್ನಾಗಿ ತೋರಿಸಿಕೊಟ್ಟದ್ದು ಕಂಪ್ಯೂಟರ್ ಅಲ್ಲ, ಕಲ್ಲಿದ್ದಲು. ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಟ್ರಿಸ್ಟ್ ಮತ್ತು ಬ್ಯಾಮ್‌ಫೋರ್ತ್ 1951ರಲ್ಲಿ ಇಂಗ್ಲೆಂಡಿನ ಗಣಿಗಳ ಬಗ್ಗೆ ಬರೆದರು. ಬ್ಯಾಮ್‌ಫೋರ್ತ್ ಮೊದಲು ತಾವೇ ಗಣಿ ಕೆಲಸ ಮಾಡಿದವರು. ಹೊಸ ಯಂತ್ರ ಬಂದಮೇಲೆ, ಮೊದಲು ಸಣ್ಣ ಗುಂಪು ಪೂರ್ತಿ ಮಾಡುತ್ತಿದ್ದ ಕೆಲಸವನ್ನು ಮೂರು ಪಾಳಿಗೆ ತುಂಡು ಮಾಡಿ ಹಂಚಿದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣದ ಹಾಗಾಯಿತು. ನಿರೀಕ್ಷಿಸಿದಷ್ಟು ಕಲ್ಲಿದ್ದಲು ಬರಲಿಲ್ಲ. ಯಂತ್ರವನ್ನೂ ಜನರ ಕೂಟವನ್ನೂ ಒಟ್ಟಿಗೇ ನೋಡಬೇಕು ಅನ್ನುವ ವಿಚಾರ ಬೆಳೆದದ್ದು ಅಲ್ಲಿಂದ.

ನಮ್ಮ ಭೂಮಿ ಯೋಜನೆಯನ್ನೂ ಹೀಗೇ ನೋಡಬಹುದು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಹೋದವು. ದೊಡ್ಡ ಕೆಲಸವೇ. ಆದರೆ ಊರಿನ ಗ್ರಾಮ ಲೆಕ್ಕಿಗರ ಹತ್ತಿರ ಸಿಗುತ್ತಿದ್ದ ಕಾಗದ ತಾಲ್ಲೂಕು ಕಚೇರಿಯ ಕಿಟಕಿಗೆ ಹೋಯಿತು. ಆಗ 15 ರೂಪಾಯಿಯ ಪಹಣಿಗೆ ಬಸ್ ಚಾರ್ಜ್ ಎಷ್ಟು, ಕೂಲಿ ಎಷ್ಟು ಹೋಯಿತು ಅನ್ನುವ ಲೆಕ್ಕ ಊರಿನಿಂದ ಊರಿಗೆ ಬೇರೆ.

ಮತ್ತೆ ಡೇರಿ. ಮೆಸೇಜನ್ನು ಕನ್ನಡಕ್ಕೆ ಬದಲಾಯಿಸಿದರೆ ಸಾಕು ಅಂತ ನೀವು ಶುರು ಮಾಡಿದಿರಿ ಅಂದುಕೊಳ್ಳಿ. ಎರಡು ತಿಂಗಳಾದರೂ ಏನೂ ಬದಲಾಗಲಿಲ್ಲ, ಯಾಕಂದರೆ ಫೋನೇ ಅವರ ಕೈಯಲ್ಲಿಲ್ಲ. ಇದು ಸೋಲಲ್ಲ, ಮೊದಲ ಸುತ್ತಿನ ಕಲಿಕೆ. ಆಮೇಲೆ ಪರದೆಯನ್ನು ಸಾಲಿನ ಕಡೆ ತಿರುಗಿಸಿದಿರಿ. ಈಗ ಎಲ್ಲರಿಗೂ ಎಲ್ಲರ ಫ್ಯಾಟ್ ಕಾಣುತ್ತದೆ. 'ಅವ್ರ ಹಾಲು ನೀರು' ಅಂತ ಮಾತು ಹುಟ್ಟಿತು. ಇದನ್ನು ನೀವು ಯೋಚಿಸಿರಲೇ ಇಲ್ಲ. ಮೂರನೇ ಸುತ್ತಿನಲ್ಲಿ ಅವರವರ ಕೈಗೇ ಚೀಟಿ ಕೊಟ್ಟಿರಿ. ಈ ಮೂರು ಸುತ್ತಿನಿಂದ ಬರುವ ಮಾತು ಚೀಟಿಯ ಬಗ್ಗೆ ಅಲ್ಲ. ಪುಸ್ತಕದಲ್ಲಿ ಹೆಸರಿರುವವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು ಆಗಿರುವ ಕಡೆ ಮಾಹಿತಿ ಯಾರ ಕೈಗೆ ಹೋಗಬೇಕು ಅನ್ನುವ ಬಗ್ಗೆ. ಬರೀ ಪ್ರಶ್ನಾವಳಿ ಹಂಚಿದ್ದರೆ, ಮೆಸೇಜ್ ಬರುತ್ತಾ ಅಂದಿದ್ದಕ್ಕೆ 'ಹೌದು' ಅಂತ ಟಿಕ್ ಬೀಳುತ್ತಿತ್ತು, ಅಷ್ಟೇ.

'ಒಂದು ಊರಿನಲ್ಲಿ ಆದದ್ದು ಬೇರೆ ಊರಿಗೆ ಹೇಗೆ ಅನ್ವಯ?' ಇದು ವೈವಾದಲ್ಲಿ, ಅಂದರೆ ಪಿಎಚ್.ಡಿ.ಯ ಮೌಖಿಕ ಪರೀಕ್ಷೆಯಲ್ಲಿ, ಬಂದೇ ಬರುತ್ತದೆ. ಒಳ್ಳೆಯ ಪ್ರಶ್ನೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪೀಟರ್ ಚೆಕ್‌ಲ್ಯಾಂಡ್ ಕೊಟ್ಟ ಉತ್ತರ ನನಗೆ ಹಿಡಿಸುತ್ತದೆ. ಲ್ಯಾಬಿನ ಪ್ರಯೋಗದ ಹಾಗೆ ಇದನ್ನು ಮತ್ತೊಮ್ಮೆ ಮಾಡಿ ತೋರಿಸಲು ಆಗುವುದಿಲ್ಲ. ಆದರೆ ಯಾವ ವಿಚಾರ ಹಿಡಿದು ಹೋದಿರಿ, ಯಾವ ವಿಧಾನದಿಂದ ಮಾಡಿದಿರಿ ಅನ್ನುವುದನ್ನು ಮೊದಲೇ ಹೇಳಿಟ್ಟರೆ, ಹೊರಗಿನವರು ನಿಮ್ಮ ಹೆಜ್ಜೆ ಹಿಡಿದು ಬಂದು ಒಪ್ಪಬಹುದು, ಜಗಳವನ್ನೂ ಆಡಬಹುದು. ಮೊದಲೇ ಹೇಳಿಡದಿದ್ದರೆ ನೀವು ಬರೆದದ್ದು ಕಥೆ ಆಗುತ್ತದೆ.

ಇನ್ನೊಂದು ಉತ್ತರ ಆರೋಗ್ಯ ಕ್ಷೇತ್ರದಿಂದ ಬಂತು. ವರ್ಣಭೇದದ ಆಡಳಿತ ಮುಗಿದ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ಶುರುವಾದ ಕೆಲಸ ಅದು. ಓಸ್ಲೋ ವಿಶ್ವವಿದ್ಯಾಲಯದವರೂ ಜೊತೆಗಿದ್ದರು. ಬ್ರಾ, ಮೊಂಟೇರೊ ಮತ್ತು ಸಹಾಯ್ 2004ರಲ್ಲಿ ಬರೆದದ್ದು ಇದು: ಒಂದೇ ಜಾಗದ ಪ್ರಯೋಗ ಸಂಶೋಧಕರು ಹೊರಟ ಮೇಲೆ ಒಣಗಿ ಹೋಗುತ್ತದೆ, ಹಲವು ಜಾಗಗಳನ್ನು ಜಾಲದ ಹಾಗೆ ಹೆಣೆದರೆ ಉಳಿಯುತ್ತದೆ. ಅಲ್ಲಿ ಹುಟ್ಟಿದ, ಆರೋಗ್ಯದ ಅಂಕಿಅಂಶ ಇಡುವ ಡಿಎಚ್‌ಐಎಸ್ ಅನ್ನುವ ಸಾಫ್ಟ್‌ವೇರಿನ ಮುಂದಿನ ರೂಪ ಇಂದು 70ಕ್ಕೂ ಹೆಚ್ಚು ದೇಶಗಳಲ್ಲಿದೆ, ಭಾರತದಲ್ಲೂ ಇದೆ. ಆದ್ದರಿಂದ ಸಾಧ್ಯವಾದರೆ ಎರಡು ಡೇರಿ ಹಿಡಿಯಿರಿ. ಒಂದು ಬಯಲುಸೀಮೆಯದು, ಒಂದು ಮಲೆನಾಡಿನದು.

ಕೊನೆಗೆ, ಕೆಲಸದ ಮಾತು. ಡೇರಿಗೆ ಕಾಲಿಡುವ ಮೊದಲು ಒಂದು ನೋಟ್‌ಬುಕ್ ತೆಗೆದು ತಾರೀಕು ಹಾಕಿ ಬರೆಯಿರಿ: ಏನು ಬದಲಾಯಿಸುತ್ತೇನೆ, ಏನಾಗುತ್ತದೆ ಅಂದುಕೊಂಡಿದ್ದೇನೆ, ಯಾಕೆ. ಆಮೇಲೆ ಆ ಪುಟ ತಿದ್ದಬೇಡಿ, ತಪ್ಪಿದ್ದರೂ ಇರಲಿ. ಕಾರ್ಯದರ್ಶಿಯವರ ಒಪ್ಪಿಗೆ ಮಾತ್ರ ಸಾಲದು. ಆಡಳಿತ ಮಂಡಳಿಯವರ ಹತ್ತಿರ, ಸಾಲಿನಲ್ಲಿ ನಿಲ್ಲುವ ಹೆಂಗಸರ ಹತ್ತಿರವೂ ಕೇಳಬೇಕು. ಎಡವಿದ್ದನ್ನೂ ಬರೆಯುತ್ತೇನೆ ಅಂತ ಅವತ್ತೇ ಹೇಳಿಬಿಡಿ. ಬಟವಾಡೆ ದಿನ ತಪ್ಪದೆ ಅಲ್ಲಿರಿ. ದುಡ್ಡು ಕೈಗೆ ಬಂದಾಗಲೇ ಅವರು ಲೆಕ್ಕ ಕೇಳುವುದು.